ನೀನು ಕೇಳಿದ ಕೆರೆ

ನನ್ನ ತಮ್ಮ ಸೀನನಿಗೆ, ಅಕ್ಕ ಮಾಡುವ ಆಶೀರ್ವಾದ. ಹೋದವರಿಗೆ ಆಶೀರ್ವಾದ ಮಾಡಬಹುದೋ ಇಲ್ಲವೋ ನನಗೆ ತಿಳಿಯದು. ಚಿಕ್ಕೋನಿಗೆ ಇನ್ನೇನಂತ ಬರೀಲಿ?

ನಂಗಲಿಯ ನಿನ್ನ ಲಾರಿ ಸಾಮಾನಿನ ಅಂಗಡಿಗೆ ನಾನು ಬಂದಾಗಲೆಲ್ಲ ನೀನು ಕಂಪ್ಯೂಟರ್ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಿರ್ತಿದ್ದೆ. ಅದೇ ರಾಜರ ಆಟ, ಸೀಮೆ ಕಟ್ಟಿ ಯುದ್ಧ ಮಾಡೋದು. ನೀನೊಂದು ನಡೆ ನಡೆಸಿದರೆ, ಯಾವುದೋ ದೇಶದಲ್ಲಿ ಕೂತೋನು ತನ್ನ ಸರದಿ ಮುಗಿಸುವ ತನಕ ಕಾಯಬೇಕು. ಅಷ್ಟರಲ್ಲಿ ನೀನು ಒಬ್ಬ ಡ್ರೈವರ್‌ಗೆ ಬೋಲ್ಟು ಕೊಟ್ಟು, ಇನ್ನೊಬ್ಬನ ಹತ್ರ ಜಗಳ ಆಡಿ ಬರ್ತಿದ್ದೆ. “ಆ ಹೊತ್ತಲ್ಲಿ ರಾಮ ರಾಮ ಅಂದಿದ್ರೆ ಪುಣ್ಯನಾದ್ರೂ ಬರ್ತಿತ್ತು ಕಣೋ” ಅಂದರೆ, “ರಾಮನೂ ಲಂಕೆಗೆ ಯುದ್ಧಕ್ಕೇ ಹೋಗಿದ್ದಲ್ವೇನಕ್ಕಾ?” ಅಂತಿದ್ದೆ. ನಿನ್ನ ಬಾಯಿಗೆ...

ಒಂದು ದಿನ ನೀನು ಟೀ ತರಿಸಿ ನನ್ನ ಕೂರಿಸಿಕೊಂಡು, ಈ ಆಟ ತಯಾರು ಮಾಡಿದೋರಿಗೇ ಬರೆದು ಹಾಕಿದೀನಿ ಅಂದೆ. “ನೋಡಕ್ಕ, ಇದ್ರಲ್ಲಿ ಹೊಳೆ ಇದ್ರೇನೇ ಬೆಳೆ. ಹೊಳೆ ಇಲ್ಲದ ಸೀಮೆ ರಾಜ ಸುಮ್ನೆ ಸಾಯ್ಬೇಕು. ನಮ್ಮ ಕಡೆ ವರ್ಷವೆಲ್ಲ ಹರಿಯೋ ಹೊಳೆ ಯಾವುದಿದೆ? ಕೆರೆ ಕಟ್ಕೊಂಡು ಬದುಕಲಿಲ್ವಾ ನಾವು? ಕೆರೆ ಹಾಕ್ರಯ್ಯಾ ಅಂತ ಬರೆದೆ.” ನಾನು ನಕ್ಕುಬಿಟ್ಟೆ. ಅದಾಗಿ ಎರಡೇ ತಿಂಗಳಿಗೆ ನಿನ್ನ ಎದೆಬಡಿತ ನಿಂತಿತು. ಆ ನಗು ನನಗೆ ಇನ್ನೂ ಚುಚ್ಚುತ್ತೆ ಸೀನ.

ನಿನ್ನ ವರ್ಷದ ಕಾರ್ಯ ಮುಗಿದ ವಾರಕ್ಕೆ ನಿನ್ನ ಹೆಂಡತಿ ಮಂಜುಳ ಫೋನ್ ಮಾಡಿದಳು. ಅಂಗಡಿಯನ್ನ ಈಗ ಅವಳೇ ನೋಡ್ಕೊಳ್ತಿದ್ದಾಳೆ. “ಅತ್ತಿಗೆ, ಹೋದ ವಾರ ಆಟಕ್ಕೆ ಹೊಸ ಭಾಗ ಬಿಟ್ಟಿದ್ದಾರೆ. ಕೆರೆ ಬಂದಿದೆ. ಕೇಳಿದೋರು ಅಂತ ಇವರ ಹೆಸರನ್ನೂ ಬರೆದಿದ್ದಾರೆ” ಅಂದಳು. ಗಂಗಮ್ಮನಿಗೆ ಒಂದು ಕಾಯಿ ಒಡೆದು ಮಧ್ಯಾಹ್ನದ ಬಸ್ಸಿಗೇ ಹೊರಟೆ. ಹೋಗಿ ನೋಡಿದರೆ ಅವಳ ಮುಖ ಬಾಡಿಹೋಗಿತ್ತು. ಆಡಿದವರೆಲ್ಲ ತಮ್ಮ ಅಭಿಪ್ರಾಯ ಬರೆಯೋ ಜಾಗ ಇದೆಯಲ್ಲ, ಅಲ್ಲಿಂದ ಒಂದೊಂದನ್ನೇ ಕನ್ನಡ ಮಾಡಿ ಓದಿದಳು. ಒಬ್ಬ, “ಕೆರೆ ಬಂದು ಆಟಕ್ಕೆ ಜೀವ ಬಂತು” ಅಂದಿದ್ದ. ಮಿಕ್ಕವರೆಲ್ಲ ಬೈಗುಳ. ಮೇಲುಗಡೆ ಇರೋನು ಕೆರೆ ಏರಿಯನ್ನ ಎತ್ತರಿಸ್ತಾ ಹೋದರೆ ಕೆಳಗಿನೋನಿಗೆ ಹನಿ ನೀರಿಲ್ಲ, ಯುದ್ಧ ಮಾಡದೆ ಕೂತಲ್ಲೇ ಗೆಲ್ಲಬಹುದು, ಇದೂ ಒಂದು ಆಟವಾ ಅಂತ. ಇನ್ನೊಬ್ಬನಂತೂ, “ಕೆರೆ ಕೇಳಿದ ಮಹಾನುಭಾವನನ್ನ ನನ್ನ ಒಣಗಿದ ಗದ್ದೆಯಲ್ಲಿ ಬೆದರುಬೊಂಬೆ ಮಾಡಿ ನಿಲ್ಲಿಸಿ” ಅಂತ ಬರೆದಿದ್ದ. ಬೇಡ ಅನ್ನೋರೇ ಹೆಚ್ಚಾದರೆ ಕೆರೆ ತೆಗೆದುಬಿಡ್ತೀವಿ ಅಂತ ಆಟ ಮಾಡಿದೋರೂ ಹೇಳಿದ್ದರು. “ಇವರು ಕೆರೆ ಕೇಳಿ ಬರೆದಿದ್ದನ್ನ ಅಳಿಸಿಬಿಡ್ಲಾ ಅತ್ತಿಗೆ? ಸತ್ತ ಮೇಲೂ ಇವರಿಗೆ ಬೈಗುಳ ಯಾಕೆ?” ಅಂತ ಮಂಜುಳ ಕಣ್ಣೊರೆಸಿಕೊಂಡಳು.

“ತಡಿ, ಮೊದಲು ಆ ಕೆರೆ ತೋರಿಸು” ಅಂದೆ. ಚೆನ್ನಾಗೇ ಮಾಡಿದ್ದಾರೆ ಕಣೋ. ಏರಿ ಇದೆ, ತೂಬಿದೆ, ಏರಿ ಮೇಲೆ ಹುಣಸೆಮರ ಬೇರೆ. ಆ ಕಡೆ ಈ ಕಡೆ ಹುಡುಕಿದೆ. “ಕೋಡಿ ಎಲ್ಲೇ?” ಅಂದೆ. “ಕೋಡಿನಾ? ಅಂಥದ್ದೇನೂ ಇಲ್ಲ ಅತ್ತಿಗೆ.” ಆಗ ಗೊತ್ತಾಯ್ತು. ಲೇ ಸೀನ, ಕೆರೆ ಕೇಳಿದೋನು ಕೋಡಿ ಕೇಳೋದು ಮರೆತ್ಯಲ್ಲೋ! ಹೆಚ್ಚಾದ ನೀರು ಕೆಳಗಿನ ಕೆರೆಗೆ ಹೋಗೋ ದಾರಿನೇ ಇಲ್ಲದ ಮೇಲೆ ಅವರು ಬೈಯದೆ ಇನ್ನೇನು ಮಾಡ್ತಾರೆ?

ನಿನ್ನದೂ ತಪ್ಪಿಲ್ಲ ಬಿಡು. ಅಪ್ಪ ನೀರುಗಂಟಿಯಾಗಿ ತೂಬು ಎತ್ತೋ ಕೆಲಸ ಮಾಡ್ತಿದ್ದಾಗ ನೀನಿನ್ನೂ ಅಮ್ಮನ ಸೊಂಟದ ಮೇಲಿದ್ದೆ. ಆ ವರ್ಷ ನಮ್ಮೂರೋರೇ ಕೋಡಿ ಕಲ್ಲಿನ ಮೇಲೆ ಮಣ್ಣಿನ ಮೂಟೆ ಪೇರಿಸಿದ್ದರು, ಇನ್ನೊಂದು ಮೊಳ ನೀರು ನಿಲ್ಲಲಿ ಅಂತ. ಅಪ್ಪ ಒಬ್ಬನೇ ಇಳಿದು ಒಂದೊಂದನ್ನೇ ಎಳೆದು ಬಿಸಾಕಿದ. ನಾನು ದಡದಲ್ಲಿ ಅವನ ಪಂಚೆ ಹಿಡ್ಕೊಂಡು ನಿಂತಿದ್ದೆ. “ಏಮ್ರಾ, ನೀನು ಯಾವೂರೋನು?” ಅಂತ ಊರೋರು ಕೂಗಾಡಿದರು. “ನಾನು ಕೆರೆಯೋನು” ಅಂದ ಅಪ್ಪ. ಅಷ್ಟೇ. ಆ ತಿಂಗಳು ನಮ್ಮನೆಗೆ ಯಾರೂ ನೀರುಗಂಟಿ ಪಾಲಿನ ರಾಗಿ ಅಳೆಯಲಿಲ್ಲ. ನಿನಗೆ ಇದನ್ನ ಯಾರಾದರೂ ಹೇಳಿದ್ದರೋ ಇಲ್ಲವೋ. ನಾನಂತೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ನಾನು?

ಅವತ್ತು ಅಂಗಡಿ ಸ್ಟೂಲ್ ಮೇಲೆ ಕೂತು ನಾನು ಹೇಳ್ತಾ ಹೋದೆ, ಮಂಜುಳ ಇಂಗ್ಲಿಷಿಗೆ ಇಳಿಸಿದಳು. “ಕೆರೆ ಕೇಳಿದೋನ ಅಕ್ಕ ನಾನು. ಅವನು ತೀರಿಹೋದ. ಬೈಯೋದಿದ್ರೆ ನನ್ನ ಬೈಯಿರಿ. ಆದರೆ ಕೆರೆ ತೆಗೀಬೇಡಿ, ಅದಕ್ಕೊಂದು ಕೋಡಿ ಇಡಿ. ಕೋಡಿ ಕಲ್ಲನ್ನ ಯಾವ ರಾಜನೂ ಎತ್ತರಿಸಬಾರದು. ಮೇಲಿನೋನು ತುಂಬಿಸ್ಕೊಳ್ಳಲಿ, ಮಿಕ್ಕಿದ್ದು ಕೆಳಗಿನೋನದ್ದು.” ಒಬ್ಬ, “ಅಜ್ಜಿ, ಇದು ಯುದ್ಧದ ಆಟ, ದೇವಸ್ಥಾನದ ಪ್ರಸಾದ ಅಲ್ಲ” ಅಂತ ಹಾಸ್ಯ ಮಾಡಿದ. ಐವತ್ತಕ್ಕೇ ಅಜ್ಜಿಯಂತೆ! ಆದರೆ ನಿನ್ನನ್ನ ಬೆದರುಬೊಂಬೆ ಮಾಡು ಅಂದಿದ್ದನಲ್ಲ, ಅವನು ಸ್ನೇಹಿತನ ಜೊತೆ ಬಾಯಿಮಾತಲ್ಲೇ ಒಪ್ಪಂದ ಮಾಡ್ಕೊಂಡು, ಏರಿ ಎತ್ತರಿಸದೆ ಆಡಿ ನೋಡಿದನಂತೆ. ಮೂರು ದಿನ ಆದರೂ ಇಬ್ಬರೂ ಸೋತಿಲ್ಲ, ಇಷ್ಟು ಒಳ್ಳೆ ಆಟ ಆಡೇ ಇರಲಿಲ್ಲ ಅಂತ ಬರೆದ. ನಿನ್ನ ಹೆಸರು ಹಿಡಿದು ಕ್ಷಮೆನೂ ಕೇಳಿದ. ಮಂಜುಳ ಅದನ್ನ ಫೋನಲ್ಲಿ ನನಗೆ ಎರಡು ಸಲ ಓದಿದಳು.

ನಿನ್ನೆ ಆಟ ಮಾಡಿದೋರಿಂದ ಉತ್ತರ ಬಂತು ಸೀನ. ನಿನ್ನ ಕೆರೆ ತೆಗೆಯೋದಿಲ್ಲ, ಕೋಡಿ ಇಡ್ತಾರಂತೆ. ಒಂದೇ ಒಂದು ಕೇಳಿದ್ದಾರೆ: ಮಾತು ಮೀರಿ ಕೋಡಿ ಎತ್ತರಿಸಿದ ರಾಜನಿಗೆ ಏನು ದಂಡ ಹಾಕೋಣ ಅಂತ. ನೀನಿದ್ದಿದ್ರೆ ದಂಡು ಕಳಿಸ್ತಿದ್ದೆ, ನನಗೆ ಗೊತ್ತು. ನಾಳೆ ಶನಿವಾರ. ಪೂಜೆ ಮುಗಿಸಿ ನಂಗಲಿಗೆ ಹೋಗಿ ಬರೆಸ್ತೀನಿ: ದಂಡ ಗಿಂಡ ಏನೂ ಬೇಡ, ಒಂದು ಒಳ್ಳೆ ಮಳೆ ಕೊಡಿ. ಅವನ ಏರಿ ತಾನೇ ಒಡೆಯುತ್ತೆ.