ಟೇಟಮ್ ಹಾಲಿಸ್ ಮತ್ತು ಹಾಲಿಸ್ ಟೇಟಮ್

ಬೆಲ್‌ಫೋರ್ಟ್, ಅಲಬಾಮಾ
ಆಗಸ್ಟ್ 19, ಸೋಮವಾರ

ಪ್ರೀತಿಯ ಅಜ್ಜಿ,

ಹೊಸ ಸೊಂಟ ಹೇಗಿದೆ? ನರ್ಸಮ್ಮನ ಜತೆ ಜಗಳವಾಡಿ ವಾಕರ್ ಬಿಟ್ಟೇ ಊಟಕ್ಕೆ ಹೋದೆಯಂತೆ, ಅಮ್ಮ ಹೇಳಿದಳು. ಇನ್ನೆರಡು ವಾರ ಅವರು ಹೇಳಿದಂತೆ ಕೇಳು. ನೀನು ಕಳಿಸಿದ ಅಂಜೂರದ ಜಾಮ್ ಮೂರೇ ದಿನಕ್ಕೆ ಮುಗಿಯಿತು. ಕಾಲೇಜು ಹುಡುಗಿಯರ ನಮ್ಮ ಸೊರಾರಿಟಿ ಸಂಘದ ಮನೆ ನೋಡಿಕೊಳ್ಳುವ ಮಿಸ್ ಓರಾ ಬಾಟಲಿಯ ತಳ ಕೆರೆಯುತ್ತ, “ನಿಮ್ಮಜ್ಜಿ ಈ ಮನೇಲಿದ್ದಾಗ ಹುಡ್ಗೀರಿಗೆ ಅಡುಗೇನಾದ್ರೂ ಬರ್ತಿತ್ತು” ಎಂದು ನನ್ನನ್ನು ಕುಟುಕಿದರು.

ಹೊಸ ಹುಡುಗಿಯರನ್ನು ಆರಿಸುವ ವಾರ ನಿನ್ನೆ ಮುಗಿಯಿತು. ಅದೇ ಬಿಸಿಲು, ಅದೇ ಬಿಳಿ ಉಡುಪು, ಕರಗಿ ಇಳಿಯುವ ಅದೇ ಮುಖದ ಬಣ್ಣ. ಈ ಸಲ ಪಟ್ಟಿಯ ಕೆಲಸ ನನ್ನದು. ನಾವು ಮತ ಹಾಕಿ ಆರಿಸಿದವರ ಹೆಸರುಗಳನ್ನು ಶನಿವಾರ ಕಾಲೇಜಿನ ಕಚೇರಿಗೆ ಕಳಿಸಬೇಕಿತ್ತು. ಅವರು ಕೊಟ್ಟ ಹಾಳೆಯಲ್ಲಿ ಮನೆತನದ ಹೆಸರು ಮೊದಲು, ಒಂದು ಅಲ್ಪವಿರಾಮ, ಆಮೇಲೆ ಹುಡುಗಿಯ ಹೆಸರು. ಅಚ್ಚುಕಟ್ಟಾಗಿ ಕಾಣಲಿ ಎಂದು ಅಲ್ಪವಿರಾಮಗಳನ್ನೆಲ್ಲ ಒಂದೇ ಏಟಿಗೆ ಅಳಿಸಿದೆ. ಮನೆತನದ ಹೆಸರೇ ಹುಡುಗಿಯ ಹೆಸರಾಗಿ ಎಲ್ಲ ಹಿಂದುಮುಂದಾದವು. ಕಚೇರಿಯ ಕಂಪ್ಯೂಟರ್ ‘ಇಂಥ ಹುಡುಗಿ ಇಲ್ಲ’ ಎಂದು ಒಂದೊಂದನ್ನೇ ವಾಪಸ್ ಕಳಿಸಿತು. ನಾನು ಒಂದೊಂದನ್ನೇ ತಿದ್ದಿದೆ. ಒಂದು ಮಾತ್ರ ವಾಪಸ್ ಬರಲಿಲ್ಲ. ತಾಯಿಯ ತವರಿನ ಹೆಸರನ್ನೇ ಮಗಳಿಗೆ ಇಡುವ ನಮ್ಮ ಕಡೆಯವರ ಚಟ ನಿನಗೆ ಗೊತ್ತಲ್ಲ. ನಾವು ಆರಿಸಿದ್ದು ಟೇಟಮ್ ಹಾಲಿಸ್‌ಳನ್ನು. ಹೋದ ಹೆಸರು ಹಾಲಿಸ್ ಟೇಟಮ್. ಅಂಥ ಹುಡುಗಿಯೂ ಇದ್ದಳು, ಮತದಲ್ಲಿ ಬಿದ್ದುಹೋಗಿದ್ದಳು.

ನಿನ್ನೆ ಆ ಹಾಲಿಸ್ ನಮ್ಮ ಕರೆಯೋಲೆಯ ಲಕೋಟೆ ಎತ್ತಿ ಹಿಡಿದು ಹುಲ್ಲುಹಾಸಿನ ಮೇಲೆ ಓಡಿ ಬಂದಳು. ಮಾತು ತಡವರಿಸುವ ಹುಡುಗಿ. ಅವಳು ಒಂದು ವಾಕ್ಯ ಮುಗಿಸುವವರೆಗೆ ವಾರವಿಡೀ ನಮ್ಮಲ್ಲಿ ಯಾರೂ ಕಾದಿರಲಿಲ್ಲ. ಒಂದು ಚಪ್ಪಲಿ ದಾರಿಯಲ್ಲೇ ಬಿದ್ದಿತ್ತು. ಅದೇ ಬೆಳಿಗ್ಗೆ ಟೇಟಮ್‌ಗೆ, ಯಾವ ಮನೆಯೂ ನಿನ್ನನ್ನು ಕರೆದಿಲ್ಲ ಎಂದು ಫೋನ್ ಹೋಗಿತ್ತು. ತಾನು ಸೇರಬಯಸುವ ಮನೆ ಎಂದು ಅವಳು ಕೊನೆಗೆ ನಮ್ಮದೊಂದನ್ನೇ ಬರೆದುಕೊಟ್ಟಿದ್ದಳು. ಈಗ ಕಾಲೇಜೇ ಬೇಡವೆಂದು ಪೆಟ್ಟಿಗೆ ಕಟ್ಟುತ್ತಿದ್ದಾಳಂತೆ. ಗುರುವಾರ ಅವಳಪ್ಪ ಬಂದು ಊರಿಗೆ ಕರೆದೊಯ್ಯುತ್ತಾರೆ.

ನಮ್ಮ ಅಧ್ಯಕ್ಷೆ ಕ್ಯಾಂಬ್ರಿಗೆ ಹೇಳಿದೆ. “ಬಾಯಿ ಮುಚ್ಕೊಂಡಿರು ಮಾರಾಯ್ತಿ. ಬಂದವಳು ಕುಣೀತಿದಾಳೆ, ಹೋದವಳು ಮರೀತಾಳೆ” ಎಂದಳು. ಬುಧವಾರದೊಳಗೆ ತಪ್ಪೊಪ್ಪಿ ಬರೆದುಕೊಟ್ಟರೆ ಕಚೇರಿ ಇನ್ನೊಂದು ಜಾಗ ಕೊಡುತ್ತದೆ. ಯಾರನ್ನೂ ಹೊರಗೆ ಕಳಿಸಬೇಕಿಲ್ಲ. ಆದರೆ ಆ ಕಾಗದವನ್ನು ಮನೆಯ ಸಭೆಯಲ್ಲಿ, ಹೊಸಬರ ಎದುರಿಗೇ ಓದಬೇಕು. ಆ ನಿಯಮ ಮಾಡಿದವಳು ನೀನೇ, ಅಜ್ಜಿ. “ತಪ್ಪನ್ನ ಚರ್ಚಿಗೆ ಹೋಗೋ ಟೋಪಿ ಇಟ್ಕೊಂಡು, ನೆಟ್ಟಗೆ ನಿಂತು ಹೇಳ್ಬೇಕು” ಅನ್ನುತ್ತಿದ್ದೆ. ನಾನು ನಿಲ್ಲಬಲ್ಲೆ. ಆದರೆ ಹಾಲಿಸ್ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ತಾನು ಬಂದದ್ದೇ ತಪ್ಪಿನಿಂದ ಎಂದು ಅಷ್ಟು ಜನರ ನಡುವೆ ಕೇಳಿಸಿಕೊಳ್ಳುತ್ತಾಳೆ. ಬೆಳಿಗ್ಗೆಯಿಂದ ಆ ಕಾಗದವನ್ನು ಮೂರು ಸಲ ಬರೆದು ಹರಿದೆ.

ಸೊಂಟ ಜೋಪಾನ. ನಿನ್ನ ಕೋಣೆಯ ಜತೆಗಾತಿಗೆ ನನ್ನ ನಮಸ್ಕಾರ ಹೇಳು. ಇಸ್ಪೀಟಿನಲ್ಲಿ ಆಕೆಗೂ ಒಮ್ಮೊಮ್ಮೆ ಗೆಲ್ಲಲು ಬಿಡು.

ನಿನ್ನ
ಎಮ್ಮಲಿನ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹಾಲಿಸ್ ಬಂದು ಬಾಗಿಲಲ್ಲಿ ನಿಂತಳು. “ನಿನ್ನೆ ನಾನು ಓಡಿ ಬಂದಾಗ ನೀವು ನನ್ನ ಹಿಂದೆ ಇನ್ಯಾರನ್ನೋ ಹುಡುಕಿದ್ರಿ” ಎಂದಳು. ನಾನು ಪೆನ್ನು ಕೆಳಗಿಟ್ಟೆ. “ಹಾಸ್ಟೆಲಲ್ಲೂ ಹೆಸ್ರು ಹಿಂದುಮುಂದಾಗಿ ನನ್ನ ಕೋಣೆ ಬೀಗದ ಕೈನ ಟೇಟಮ್‌ಗೇ ಕೊಟ್ಟಿದ್ರು. ನಿಮ್ಮ ಪಟ್ಟೀಲೂ ಅ... ಅಲ್ಪವಿರಾಮ ಹೋಯ್ತಾ?” ಅವಳು ಮುಗಿಸುವವರೆಗೆ ಈ ಸಲ ಕಾದೆ. ಎಲ್ಲ ಹೇಳಿದೆ. “ಟೇಟಮ್‌ನ ಕರೀರಿ. ಆ ಕಾಗದದಲ್ಲಿ ನನ್ನ ಹೆಸ್ರೂ ಬರೀರಿ” ಎಂದಳು. ಆಮೇಲೆ ಬಾಗಿಲ ಚಿಲಕ ಹಿಡಿದುಕೊಂಡೇ, “ಅದನ್ನ ಓದಿದ್ಮೇಲೂ ನಾನು ಇಲ್ಲಿ ಇರಬಹುದಾ?” ಎಂದು ಕೇಳಿದಳು. “ಮುಂದಿನ ವರ್ಷದ ಪಟ್ಟಿ ನೀನಲ್ದೆ ಮತ್ಯಾರು ಬರೀತಾರೆ?” ಎಂದೆ. ನನ್ನ ನಾಲ್ಕನೆಯ ಕಾಗದ ಈಗ ಅವಳ ತೊಡೆಯ ಮೇಲಿದೆ. ಎರಡು ಕಡೆ ಅಲ್ಪವಿರಾಮ ಹಾಕಿದ್ದಾಳೆ.