ಉಪ್ಪಿನ ದಾರಿಗೆ ಬರಿಗಾಲು

ಅಣ್ಣಾ,

ನೀನು ಹೋಗಬೇಕೆಂದಿದ್ದ ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದೆ. ಖಾನಾಪುರದ ಆಚೆ ಘಟ್ಟ ಇಳಿಯುವ ಹಳೆಯ ಉಪ್ಪಿನ ದಾರಿ. ಬೆಳಗ್ಗೆ ಹೊರಟರೆ ಸಂಜೆಗೆ ಕೆಳಗೆ. ಹೋಗುವವರು ನಾನು ಮತ್ತು ತಮ್ಮ ಮಲ್ಲು. ಮೊದಲ ಸಲ ವಿಚಾರಿಸಿದಾಗಲೇ, ದಾರಿ ತೋರಿಸುವ ಅಲ್ಲಿನ ಮನುಷ್ಯ ಫೋನಿನಲ್ಲಿ ಒಂದು ಷರತ್ತು ಹಾಕಿದ್ದ: ಬೂಟು ಇಲ್ಲದವರನ್ನು ಕರೆದೊಯ್ಯುವುದಿಲ್ಲ. ಮುಳ್ಳು, ಜಿಗಣೆ, ಜಾರುವ ಬಂಡೆ. ಅಲ್ಲಿಗೆ ಎಲ್ಲ ನಿಂತುಹೋಗಿತ್ತು. ಯಾಕೆಂದರೆ ನಿನ್ನನ್ನು ಮಣ್ಣು ಮಾಡಿದ ದಿನದಿಂದ ಮಲ್ಲು ಕಾಲಿಗೆ ಏನೂ ಮೆಟ್ಟಿರಲಿಲ್ಲ.

ತಿಕೋಟಾದ ನಮ್ಮ ಶೆಡ್ಡಿನಲ್ಲಿ, ದ್ರಾಕ್ಷಿ ಒಣಹಾಕಿದ ಬಲೆಗಳ ಪಕ್ಕ ಕುಳಿತು, ರಟ್ಟಿನ ಡಬ್ಬಿಯ ಮೇಲೆ ಆ ದಾರಿಯ ಗೆರೆ ಎಳೆದು ತೋರಿಸಿದ್ದೆಯಲ್ಲ, ನೆನಪಿದೆಯೇ? ಅಜ್ಜನ ಅಜ್ಜ ಎತ್ತಿನ ಮೇಲೆ ಜೋಳ ಹೇರಿಕೊಂಡು ಇಳಿದು, ಉಪ್ಪು ಹೇರಿಕೊಂಡು ಹತ್ತುತ್ತಿದ್ದನಂತೆ. ಆ ದಾರಿಯ ಬಗ್ಗೆ ಪೇಪರಿನಲ್ಲಿ ಏನು ಬಂದರೂ ನಾನು ನಿನಗೆ ಓದಿ ಹೇಳುತ್ತಿದ್ದೆ. "ನೀ ಪೇಪರ್ ಓದು, ನಾ ನಡೀತೇನಿ. ಅರ್ಧಾ ದಾರ್ಯಾಗ ಕುಂತಿ ಅಂದ್ರ ಹೊತ್ಕೊಂಡ ಬರಾಂವಲ್ಲ ನೋಡ ಮತ್ತ" ಎಂದು ನಗುತ್ತಿದ್ದೆ. ದ್ರಾಕ್ಷಿ ಸುಗ್ಗಿಯೊಂದು ಮುಗಿಯಲಿ, ಆಮೇಲೆ... ಎಂದವನೂ ನೀನೇ.

ಚಿಕ್ಕಪ್ಪನ ಮಗ ಸಂಗಪ್ಪ ತನ್ನ ಹೊಲದ್ದೆಂದು ನಮ್ಮ ಬಂಡಿದಾರಿಗೆ ಅಡ್ಡ ತಗ್ಗು ತೋಡಿದ ಆ ಬೆಳಿಗ್ಗೆ, ಹಣ್ಣು ತುಂಬಿದ ನಮ್ಮ ಟ್ರ್ಯಾಕ್ಟರು ಬಿಸಿಲಿನಲ್ಲಿ ರಸ ಸೋರಿಸುತ್ತ ನಿಂತಿತ್ತು. ನೀನು ಸಲಿಕೆ ಹಿಡಿದು ತಗ್ಗು ಮುಚ್ಚಲು ಹೋದೆ. ನಾನು ಶೆಡ್ಡಿನ ಬಾಗಿಲಲ್ಲಿದ್ದೆ. ಅವನು ಹಿಂದಿನಿಂದ ಬಂದ. ಕೊಡಲಿಯ ಮೊದಲ ಏಟು ಹೆಗಲಿಗೆ. ನೀನು ತಿರುಗಿದೆ. ಎರಡನೆಯದು ಕಿವಿಯ ಮೇಲೆ. ಬಿದ್ದ ಮೇಲೂ ಹೊಡೆದ. ಓಡಿಬಂದು ನಿನ್ನ ತಲೆ ಎತ್ತಿ ಹಿಡಿದಾಗ ನನ್ನ ಬೆರಳು ಒಳಗೆ ಹೋದವು. ಮರುದಿನ ಪೇಪರಿನಲ್ಲಿ ನಾಲ್ಕು ಸಾಲು: ದಾರಿ ವಿವಾದ, ವ್ಯಕ್ತಿಯ ಕೊಲೆ. ಅಂಥ ಸಾಲುಗಳನ್ನು ಎಷ್ಟು ವರ್ಷ ಓದಿ ಹಾಳೆ ತಿರುವಿದ್ದೇನೆ. ತಿರುವುವಾಗ ಯಾರ ಮನೆಯೆಂದು ಕೇಳಿಕೊಂಡಿದ್ದೆನೇ?

ನಿನ್ನ ಕುಣಿಯ ಮುಂದೆ ಮಲ್ಲು ಚಪ್ಪಲಿ ಕಳಚಿ ಒಗೆದು, ಅವ್ವನ ತಲೆಯ ಮೇಲೆ ಕೈಯಿಟ್ಟ. "ಸಂಗ್ಯಾನ ಹೆಣಾ ಬೀಳೂತನಕಾ ಕಾಲಾಗ ಏನೂ ಮೆಟ್ಟಂಗಿಲ್ಲ ಬೇ" ಎಂದ. ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತು. ತಾಯಿಯ ತಲೆ ಮುಟ್ಟಿ ಮಾಡಿದ ಆಣೆಯನ್ನು ತಾಯಿಯೇ ಇಳಿಸಬೇಕು, ಬೇರೆ ಯಾರ ಮಾತೂ ನಡೆಯುವುದಿಲ್ಲ. ಅವ್ವ ಇಳಿಸಲಿಲ್ಲ. ದಿನಾ ಅವನ ಒಡೆದ ಹಿಮ್ಮಡಿಗೆ ಎಣ್ಣೆ ತಿಕ್ಕಿದಳು. ಬೇಸಿಗೆಯ ಡಾಂಬರು ಅವನ ಅಂಗಾಲಿನ ಚರ್ಮ ಕಿತ್ತಿತು. ಕಾಖಂಡಕಿಯ ಬೀಗರು ಬಂದವರು ಚಹಾ ಮುಟ್ಟುವ ಮೊದಲೇ ಅವನ ಪಾದ ನೋಡಿ ಭೇಷ್ ಎಂದರು. ಹಾಗೆ ಅಂದವರೆಲ್ಲ ಅವನನ್ನು ಕೊಲೆಯ ಕಡೆಗೆ ನೂಕುತ್ತಿದ್ದರು.

ಗೋಳಗುಮ್ಮಟದ ಹತ್ತಿರದ ನನ್ನ ಮನೆಗೆ ಅವನನ್ನು ಕರೆಸಿದ್ದು ಅದಕ್ಕೇ. ನಿನ್ನ ಆಸೆಯ ದಾರಿಗೆಂದು ಬೂಟು ಮೆಟ್ಟಿದರೆ ಆಣೆ ಮುರಿಯುತ್ತದೆ, ಇರುವ ಒಬ್ಬ ತಮ್ಮನಾದರೂ ಉಳಿಯುತ್ತಾನೆ ಎಂಬುದಷ್ಟೇ ನನ್ನ ಲೆಕ್ಕ. ಎಷ್ಟು ನೀರು ಹೊರಬೇಕು, ಎಷ್ಟು ರೊಟ್ಟಿ ಕಟ್ಟಬೇಕು, ಎಲ್ಲಿ ಬಸ್ಸು ಬದಲಿಸಬೇಕು, ಎಲ್ಲ ಹೇಳಿದೆ. ಬೂಟು ಮುಂದಿಟ್ಟೆ. ಎತ್ತಿ ಗೋಡೆಗೆ ಬೀಸಿದ.

"ಅಣ್ಣನ ಹೆಸರ ಹೇಳಿ ನನ್ನ ಕೈಗೆ ಬಳಿ ಇಡಸಾಕ ಕುಂತಿ ಏನಕ್ಕಾ?"

"ಬಳಿ ಇಟ್ಟಾಕಿನ ಅವನ ತಲಿ ತೊಡಿಮ್ಯಾಲ ಹಿಡದಿದ್ಲು. ನೀ ಇದ್ದಿದ್ದಿಲ್ಲ" ಎಂದೆ.

ಅವನು ಎದ್ದುಹೋದ.

ಸಂಗಪ್ಪನಿಗೆ ಜಾಮೀನು ಸಿಕ್ಕಿತು. ಬಬಲೇಶ್ವರದ ಹೊರಗೆ, ಹೆಂಡತಿಯ ತವರಿನ ತೋಟದಲ್ಲಿ ಉಳಿದುಕೊಂಡ. ಮಲ್ಲು ಕಬ್ಬು ಕಡಿಯುವ ಕೊಯ್ತಾ ತೆಗೆದುಕೊಂಡು ಹೋಗಿದ್ದಾನೆಂದು ಅವ್ವನೇ ನನಗೆ ಫೋನ್ ಮಾಡಿದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ಅಣ್ಣಾ. ಅದೇ ನನ್ನನ್ನು ಹೆದರಿಸಿತು. ಸ್ಕೂಟರ್ ಹತ್ತಿ ಹೊರಟೆ. ಸಂಗಪ್ಪ ಒಂಟಿಯಾಗಲೆಂದು ಮಲ್ಲು ಬಹಳ ಹೊತ್ತು ಬಳ್ಳಿಗಳ ಮರೆಯಲ್ಲಿ ಕಾದದ್ದರಿಂದ ನಾನು ಹೊತ್ತಿಗೆ ತಲುಪಿದೆ. ಸಂಗಪ್ಪ ಆಗಲೇ ಮೊಣಕಾಲೂರಿದ್ದ. ಬಾಯಿ ಒಡೆದಿತ್ತು, ಹಲ್ಲು ಗದ್ದಕ್ಕೆ ಅಂಟಿತ್ತು. ಕೊಯ್ತಾ ಅವನ ಕುತ್ತಿಗೆಗೆ ಇಳಿಯುತ್ತಿತ್ತು. ಕೂಗಲು ನನಗೆ ಉಸಿರಿರಲಿಲ್ಲ. ಎಡಗೈ ಅಡ್ಡ ಕೊಟ್ಟೆ. ಮೊದಲು ಬಿಳಿ ಎಲುಬು ಕಂಡಿತು, ಆಮೇಲೆ ರಕ್ತ ಬಂತು. ಸಂಗಪ್ಪ ಓಡಿಹೋದ. ಮಲ್ಲು ನನ್ನ ಸೆರಗು ಹರಿದು ಕೈಗೆ ಸುತ್ತುತ್ತ, "ಯಾಕ ಬಂದಿ, ಅಕ್ಕಾ, ಯಾಕ ಬಂದಿ" ಎಂದು ಅದೊಂದನ್ನೇ ಕೇಳುತ್ತಿದ್ದ.

ವಿಜಯಪುರದ ಆಸ್ಪತ್ರೆಗೆ ಅವ್ವ ಬಂದಾಗ ಹೊಲಿಗೆ ಮುಗಿದಿತ್ತು. ನನ್ನ ಕೈ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಮಲ್ಲುವಿನ ಪಾದ ನೋಡಿದಳು. ಅವಳು ಎಣ್ಣೆ ತಿಕ್ಕಿದ ಪಾದಕ್ಕೆ ನನ್ನ ರಕ್ತ ಒಣಗಿ ಅಂಟಿತ್ತು. ಅವನ ಕೆನ್ನೆಗೆ ಹೊಡೆದಳು. ನರ್ಸ್ ಬಂದು ಹಿಡಿದರೂ ಹೊಡೆದಳು, ತನ್ನ ಕೈ ಸೋಲುವ ತನಕ. ಆಮೇಲೆ ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ತಾನೇ ಕೆಳಗಿಳಿಸಿದಳು.

"ನನ್ನ ಮ್ಯಾಲಿನ ಆಣಿ ನಾನ ಇಳಸೇನಿ. ಮೆಟ್ಟಕೋ ಯಪ್ಪಾ."

ಪೊಲೀಸರು ಕೇಳಿದಾಗ ನಾನು ಆದದ್ದನ್ನು ಆದಂತೆ ಹೇಳಿದೆ. ಮಲ್ಲುವಿನ ಮೇಲೂ ಕೇಸು ಇದೆ, ಅವನೂ ಈಗ ಜಾಮೀನಿನ ಮೇಲಿದ್ದಾನೆ. ಅವನ ಪಾದ ಅಗಲವಾಗಿಬಿಟ್ಟಿದೆ, ಮೊದಲಿನ ಅಳತೆ ಹಿಡಿಸಲಿಲ್ಲ. ದೊಡ್ಡ ಬೂಟು ಮೆಟ್ಟಿ ಅವನು ತಿಕೋಟಾದ ಓಣಿಯಲ್ಲಿ ನಡೆದ ದಿನ ಒಬ್ಬ ಅವನ ಮುಂದೆಯೇ ಉಗುಳಿದ. ಮಲ್ಲುವಿನ ಮುಷ್ಟಿ ಬಿಗಿಯಾಯಿತು. ಆದರೂ ನಿಲ್ಲದೆ ನಡೆದ. ಮಳೆ ಮುಗಿದ ಮೇಲೆ ನಾವು ಘಟ್ಟ ಇಳಿಯುತ್ತೇವೆ.

ಅಣ್ಣಾ, ನಿನ್ನನ್ನು ಕೊಂದವನು ಬದುಕಿದ್ದಾನೆ, ನನ್ನ ಕೈಯಿಂದ ಬದುಕಿದ್ದಾನೆ. ಇದು ನಿನಗೆ ಸರಿ ಕಾಣದಿದ್ದರೆ... ನಾನೇನು ಹೇಳಲಿ? ಕೋರ್ಟಿನಲ್ಲಿ ನನ್ನ ಸಾಕ್ಷಿ ಬಾಕಿ ಇದೆ. ಅಲ್ಲಿ ನಿಂತು ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿ, ಶೆಡ್ಡಿನ ಬಾಗಿಲಿನಿಂದ ಕಂಡ ಒಂದೊಂದು ಏಟನ್ನೂ ಅವನ ಮುಖ ನೋಡಿ ಹೇಳುತ್ತೇನೆ. ನಿನ್ನ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಇನ್ನು ಉಳಿದಿರುವ ಆಣೆ ಅದೊಂದೇ.

ನಿನ್ನ ತಂಗಿ