ಓದಲು ಮಾತ್ರ

ಸೋಮವಾರ, 4ನೇ ತಾರೀಖು. ಬೆಳಗ್ಗೆ 9.20

ಕೊಡುತ್ತೇವೆ ಎಂದದ್ದು: ಕಾಯಂ ಕೆಲಸ, ಹೊಸ ಕಾರ್ಡು, ರಿಕ್ವೈರ್‌ಮೆಂಟ್ ಸಾಫ್ಟ್‌ವೇರಿನಲ್ಲಿ ಆಕ್ಷೇಪಣೆ ಬರೆಯುವ ಹಕ್ಕು.
ಕೊಡದೇ ಇದ್ದದ್ದು: ಹಕ್ಕು.

ಇವತ್ತೂ ಅದೇ. ಪರದೆಯ ಮೇಲೆ ‘ಓದಲು ಮಾತ್ರ’. ಬೂದು ಬಟನ್. ಒತ್ತಿದರೆ ಸತ್ತಂತೆ ಬಿದ್ದಿರುತ್ತದೆ.

ಆಸ್ಪತ್ರೆಗಳಿಗೆ ಔಷಧಿ ಹರಿಸುವ ಪಂಪು ತಯಾರಿಸುವ ಕಂಪನಿ ನಮ್ಮದು. ಪಂಪು ಹೇಗಿರಬೇಕೆಂಬುದೆಲ್ಲ ಆ ಸಾಫ್ಟ್‌ವೇರಿನಲ್ಲಿ ಸಾಲುಸಾಲಾಗಿ ಇರುತ್ತದೆ. 212ನೇ ಸಾಲು: ನಳಿಕೆಗೆ ಗಾಳಿ ಹೊಕ್ಕರೆ ಐದು ಸೆಕೆಂಡಿನೊಳಗೆ ಅಲಾರಂ. ಟೆಸ್ಟ್ ಮಾಡಿ ಪಂಪು ಫೇಲು ಎಂದು ಬರೆದವಳು ನಾನು. ಪಂಪನ್ನು ಸರಿಮಾಡಲಿಲ್ಲ. ಸಾಲನ್ನು ಸರಿಮಾಡಿದರು. ಶುಕ್ರವಾರ ಐದು ಹೋಗಿ ಹದಿನೈದಾಗಿದೆ. ಈ ಗುರುವಾರ ಸಂಜೆ ಐದಕ್ಕೆ ಎಲ್ಲ ಸಾಲುಗಳಿಗೂ ಬೀಗ. ಅಷ್ಟರೊಳಗೆ ಆಕ್ಷೇಪಣೆ ಬೀಳದಿದ್ದರೆ ಹದಿನೈದೇ ಗತಿ.

ಸೋಮವಾರ, ಮಧ್ಯಾಹ್ನ

ಅನುಮತಿ ಕೊಡುವ ಅಡ್ಮಿನ್‌ಗೆ ನಾವಿಟ್ಟ ಹೆಸರು ಬೀಗಣ್ಣ. ನನ್ನ ಮೂರು ದೂರಿನ ಟಿಕೆಟ್ಟನ್ನೂ ‘ಸರಿಯಾಗಿದೆ’ ಎಂದು ಮುಚ್ಚಿದ್ದಾನೆ. ಹೋಗಿ ಪಕ್ಕದಲ್ಲೇ ಕುರ್ಚಿ ಎಳೆದು ಕೂತೆ.

“ಕೊಟ್ಟಿದೀನಲ್ಲ ಮೇಡಂ. ನೋಡಿ, ಟೆಸ್ಟರ್ ಗುಂಪಲ್ಲಿ ನಿಮ್ಮ ಹೆಸರಿದೆ.”

“ಹೆಸರಿದೆ, ಸರಿ. ಬಟನ್ ಯಾಕೆ ಮಲಗಿದೆ?”

“ಲಾಗೌಟ್ ಆಗಿ ಲಾಗಿನ್ ಆಗಿ.”

“ಒಂದು ವಾರದಿಂದ ಅದನ್ನೇ ಮಾಡ್ತಿದೀನಿ. ಹೊಸಿಲು ಸವೆದು ಹೋಯ್ತು.”

ಬೀಗಣ್ಣ ಮುಂದಿನ ಟಿಕೆಟ್ ತೆರೆದ.

ಮಂಗಳವಾರ

ಅಕ್ಕ ವಾರ್ಡಿನಲ್ಲಿ ನರ್ಸು. ಹದಿನೈದು ಸೆಕೆಂಡ್ ಅಂದರೆ ಎಷ್ಟು ಎಂದು ಫೋನಿನಲ್ಲಿ ಕೇಳಿದೆ.

“ಆ ಕೊನೆ ಮಂಚದಿಂದ ಈ ಕೊನೆಗೆ ಓಡಿ ಬರೋವಷ್ಟು ಕಣೇ. ಅಲಾರಂ ಆದ್ಮೇಲೆ ತಾನೆ ನಾನು ಓಡೋದು? ಅದನ್ನೂ ಸೇರಿಸ್ಕೋ.”

ಸೇರಿಸಿದೆ. ಮೂವತ್ತು.

ಬುಧವಾರ, 11.40

ಕಾರಣ ಸಿಕ್ಕಿತು. ಬೀಗಣ್ಣನಿಂದ ಒಂದೊಂದೇ ಗುಂಪು ತೆರೆಸಿದೆ. ಏಜೆನ್ಸಿ ಮೂಲಕ ಗುತ್ತಿಗೆಗೆ ಬಂದಾಗ ನಮ್ಮನ್ನು, ಆರೂ ಜನ ಟೆಸ್ಟರುಗಳನ್ನು, ‘ಹೊರಗಿನವರು’ ಎಂಬ ಗುಂಪಿಗೆ ಹಾಕಿದ್ದರು. ಕಾಯಂ ಮಾಡಿದಾಗ ಹೊಸ ಗುಂಪಿಗೆ ಸೇರಿಸಿದರು, ಹಳೆಯದರಿಂದ ತೆಗೆಯಲಿಲ್ಲ. ಹತ್ತು ಗುಂಪು ‘ಕೊಡು’ ಎಂದರೂ ಒಂದು ಗುಂಪು ‘ಬೇಡ’ ಎಂದರೆ ಬೇಡವೇ ಗೆಲ್ಲುತ್ತದಂತೆ. ಯಂತ್ರಕ್ಕೆ ಇದನ್ನು ಕಲಿಸಿದವನು ನಮ್ಮ ಆಫೀಸನ್ನು ಚೆನ್ನಾಗಿ ಬಲ್ಲ.

“ತೆಗೀರಿ.”

“ಮ್ಯಾನೇಜರ್ ಒಪ್ಪಬೇಕು ಮೇಡಂ.”

ಬುಧವಾರ, 3.15

ಮ್ಯಾನೇಜರ್: “ಇಷ್ಟಕ್ಕೆಲ್ಲ ಯಾಕಮ್ಮ ರಂಪ? ನನಗೊಂದು ಮೇಲ್ ಹಾಕು. ನನ್ನ ಲಾಗಿನ್‌ನಲ್ಲಿ ಆಕ್ಷೇಪಣೆ ನಾನೇ ಹಾಕ್ತೀನಿ.”

ಹಾಕಿದೆ. ನಂಬಿದೆ.

ಗುರುವಾರ, 10.05

ಹಾಕಿದ್ದಾರೆ — ‘ಆಕ್ಷೇಪಣೆ’ ಅಲ್ಲ, ‘ಸಲಹೆ’ ಎಂದು. ಆಕ್ಷೇಪಣೆ ಇದ್ದರೆ ಸಭೆ ಆಗಲೇಬೇಕು. ಸಲಹೆಯನ್ನು ನಾಯಿಯೂ ಮೂಸುವುದಿಲ್ಲ. ನಂಬಿದ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಬಟನ್ ಜೊತೆ ಗುದ್ದಾಡುತ್ತ ಇಷ್ಟು ದಿನ ಆ ಸಾಲಿನ ಚರಿತ್ರೆಯನ್ನೇ ತೆರೆದಿರಲಿಲ್ಲ. ಓದುವುದಕ್ಕಂತೂ ಅಡ್ಡಿಯಿಲ್ಲವಲ್ಲ. ಓದಿದೆ. ಶುಕ್ರವಾರ ಐದನ್ನು ಹದಿನೈದು ಮಾಡಿದ ಲಾಗಿನ್: ಮ್ಯಾನೇಜರದ್ದು.

ಗುರುವಾರ, 5.10

ಆರೂ ಜನ ಸೇರಿ ಪ್ರಿಂಟ್ ತೆಗೆದೆವು. 212ನೇ ಸಾಲು, ಅದರ ಚರಿತ್ರೆ, ನಮ್ಮ ಆರು ಹೆಸರಿರುವ ‘ಹೊರಗಿನವರು’ ಗುಂಪಿನ ಪಟ್ಟಿ. ಕೆಳಗೆ ಪೆನ್ನಿನಲ್ಲಿ ಆರು ಸಹಿ. ಕ್ವಾಲಿಟಿ ವಿಭಾಗದ ಹಿರಿಯ ಮೇಡಂ ಮೇಜಿನ ಮೇಲೆ ಇಟ್ಟೆವು.

“ಸಾಫ್ಟ್‌ವೇರಲ್ಲೇ ಹಾಕಬಹುದಿತ್ತಲ್ರೀ?”

“ಹಾಕಬಹುದಿತ್ತು ಮೇಡಂ. ನಾವಿನ್ನೂ ಹೊರಗಿನವರು.”

ಎರಡು ಸಲ ಓದಿದರು. ಬೀಗಣ್ಣನಿಗೆ ಫೋನ್ ಮಾಡಿ 212ನ್ನು ತಡೆಹಿಡಿಯಲು ಹೇಳಿದರು. 212ಕ್ಕೆ ಬೀಗ ಬೀಳಲಿಲ್ಲ. ಫೋನ್ ಮಾಡಿದಾಗ ಐದಾಗಲು ನಾಲ್ಕು ನಿಮಿಷವಿತ್ತು.

ಸೋಮವಾರ, 11ನೇ ತಾರೀಖು

ನನ್ನ ಬಟನ್ ನೀಲಿಯಾಗಿದೆ. ನನ್ನದು ಮಾತ್ರ. ಉಳಿದ ಐವರದು ಬೂದು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಕೇಳಿದರು: “ಈಗ ಸಮಾಧಾನ ಆಯ್ತಾ? ಆಕ್ಷೇಪಣೆ ಹಾಕ್ಕೋ, ಸಭೆಗೆ ನೀನೊಬ್ಬಳೇ ಬಂದ್ರೆ ಸಾಕು.”

“ಇಲ್ಲ ಸಾರ್. ಫೇಲ್ ಅಂತ ಬರೆದಿದ್ದು ನಾನು. ಸಹಿ ಹಾಕಿದ್ದು ಆರು ಜನ.”

ನೀಲಿ ಬಟನ್ ಒತ್ತಿದೆ. ಆಕ್ಷೇಪಣೆ ಒಂದು: ಹದಿನೈದು ಸೆಕೆಂಡ್. ಆಕ್ಷೇಪಣೆ ಎರಡು: ಐದು ಬೂದು ಬಟನ್.

ಸಭೆ ಬುಧವಾರ, ಬೆಳಗ್ಗೆ ಹತ್ತೂವರೆಗೆ. ಎರಡನೇ ಮಹಡಿ. ಆರೂ ಜನ ಹೋಗುತ್ತೇವೆ.